ಓ ಎನ್ನಬಾರದ ಮನೆ

ಮನೆಯಲ್ಲಿ ಒಬ್ಬರು ಕೂಗಿದರೆ ಇನ್ನೊಬ್ಬರು ಕೂತಲ್ಲಿಂದಲೇ ‘ಓ’ ಎನ್ನಬೇಕೋ, ಎದ್ದು ಹೋಗಿ ಮುಖ ತೋರಿಸಬೇಕೋ ಎಂಬುದು ಲೋಕದ ದೊಡ್ಡ ಮನುಷ್ಯರೆಲ್ಲ ಸಭೆ ಸೇರಿ ಇತ್ಯರ್ಥ ಮಾಡಬೇಕಾದ ಗಹನವಾದ ಪ್ರಶ್ನೆ. ಅವರು ಪುರಸೊತ್ತು ಮಾಡಿಕೊಳ್ಳದ ಕಾರಣ ಅದು ಒಬ್ಬ ಟೈಲರನ ತಲೆಗೆ ಬಂತು.

ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಟೈಲರ್ ಮತ್ತು ಅವನ ಹೆಂಡತಿ ಬಾಡಿಗೆಗೆ ಬಂದ ದಿನ, ಮನೆ ಖಾಲಿ ಮಾಡುತ್ತಿದ್ದ ಗಡಿಯಾರ ರಿಪೇರಿಯವನ ವಿಧವೆ ಸಾಮಾನೆಲ್ಲ ಸಾಗಿಸಿ, ಒಂದು ಪಂಜರವನ್ನು ಮಾತ್ರ ಅಂಗಡಿಯಲ್ಲೇ ಉಳಿಸಿದ್ದಳು. ಒಳಗೆ ಕೋಳಿಯಷ್ಟು ದೊಡ್ಡ ಬಿಳಿ ಕಾಕಟೂ ಗಿಳಿ. ಅದು ಹಳದಿ ಜುಟ್ಟನ್ನು ಬೀಸಣಿಗೆಯಂತೆ ಬಿಚ್ಚಿ, ಹೊಸಬರನ್ನು ಒಂದೇ ಕಣ್ಣಿನಲ್ಲಿ ಅಳೆಯಿತು. ಅಳತೆ ತೆಗೆಯುವುದು ತನ್ನ ಕಸುಬೆಂದು ನಂಬಿದ್ದ ಟೈಲರನಿಗೆ ಅದು ಹಿಡಿಸಲಿಲ್ಲ.

“ಸಾಕ್ಕೊಳ್ಳಿ. ಬಿಟ್ರೂ ಹೋಗಲ್ಲ,” ಎಂದಳು ಮುದುಕಿ. “ಒಂದೇ ಮಾತು. ಇದು ನಿಮ್ಮೋರ ದನೀಲಿ ಕೂಗತ್ತೆ. ಓ ಅನ್ಬೇಡಿ. ಎದ್ದು ಹೋಗಿ, ಮುಖ ನೋಡಿ ಮಾತಾಡಿ.”

“ಓ ಅಂದ್ರೆ ಏನಾಗತ್ತಜ್ಜಿ?”

“ಯಾರ ದನೀಗೆ ಓ ಅಂದ್ರೋ ಅವರ ದನಿ ಇದರ ಪಾಲು. ನನ್ನ ನಾದಿನಿ ಮಾಡಿಸಿದ ಮಾಟ. ಗಂಡ ಹೆಂಡ್ತಿ ನಾವು ಮಾತೇ ಆಡ್ಕೋಬಾರ್ದು ಅಂತ.”

“ಅದಕ್ಕೆ ಮಾಟ ಯಾಕಜ್ಜಿ, ಮದುವೆ ಸಾಲ್ದಾ?” ಹೆಂಡತಿ ಪಕ್ಕೆಗೆ ತಿವಿದರೂ ಅವನು ನಿಲ್ಲಿಸಲಿಲ್ಲ. “ಇವಳು ದಿನಕ್ಕೆ ನೂರು ಸಲ ಕೂಗ್ತಾಳೆ. ನೂರು ಸಲ ಮೆಟ್ಟಿಲು ಹತ್ತಿದ್ರೆ ಪ್ಯಾಂಟು ಹೊಲಿಯೋರ್ಯಾರು, ಈ ಹಕ್ಕೀನಾ?”

ಮುದುಕಿ ನಗಲಿಲ್ಲ. ಪಂಜರದೊಳಗಿಂದ ಕೆಮ್ಮು ತುಂಬಿದ ಗಂಡುದನಿಯೊಂದು “ಎಲ್ಲಿದೀಯೇ?” ಎಂದು ಕೇಳಿತು. ಆಕೆ ತುಟಿ ಕಚ್ಚಿಕೊಂಡು, ಹಿಂದಿರುಗಿ ನೋಡದೆ ಹೊರಟುಹೋದಳು.

ಹೆಂಡತಿಗೆ ಹಕ್ಕಿಯೆಂದರೆ ಪ್ರಾಣ. ಅದು ಅವಳ ಹೆಗಲೇರಿ ಕಿವಿಯ ಹಿಂದಿನ ಕೂದಲನ್ನು ಕೊಕ್ಕಿನಿಂದ ಬಿಡಿಸುತ್ತ ಕೂರುತ್ತಿತ್ತು. ಇಳಿದು ಬಂದರೆ ಟೈಲರನ ಗುಂಡಿ ಡಬ್ಬಿಗೆ ಬಾಯಿ ಹಾಕಿ ಕೋಟಿನ ಗುಂಡಿಗಳನ್ನು ಕಟಕಟನೆ ಒಡೆಯುತ್ತಿತ್ತು. ಮೈ ಕೊಡವಿದರೆ ಗರಿಗಳಿಂದ ಬಿಳಿ ಪುಡಿ ಏಳುತ್ತಿತ್ತು. ವರ್ಷಗಟ್ಟಲೆ ತೆರೆಯದ ಪೆಟ್ಟಿಗೆಯ ವಾಸನೆ ಅದಕ್ಕೆ. ಕತ್ತರಿಸಿಟ್ಟ ಕಪ್ಪು ಸೂಟಿನ ಬಟ್ಟೆಯೆಲ್ಲ ಬೂದಿ ಬಳಿದಂತಾಗುತ್ತಿತ್ತು. ಸಂಜೆ ಅದು ಕಿರುಚಿದರೆ ಬೀದಿನಾಯಿಗಳು ಬಾಲ ಮಡಚುತ್ತಿದ್ದವು. “ಹಕ್ಕಿ ಸಾಕಿದೀವೋ ಸೈರನ್ ಸಾಕಿದೀವೋ?” ಎಂದು ಅವನು ಗೊಣಗಿದರೆ, “ನಿಮ್ಮ ಗೊರಕೆಗಿಂತ ವಾಸಿ ಬಿಡ್ರೀ,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಹೊಲಿಗೆ ಯಂತ್ರ ಭರದಿಂದ ಓಡುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಕೂಗು ಬಂತು: “ರೀ!”

“ಓ!” ಅವನು ತಲೆಯೆತ್ತಲಿಲ್ಲ.

“ಯಾರಿಗ್ರೀ ಓ ಅಂತಿದೀರಿ?”

ಬೆನ್ನ ಹಿಂದೆ ಚಹಾ ಹಿಡಿದು ಹೆಂಡತಿ ನಿಂತಿದ್ದಳು. ಮೆಟ್ಟಿಲ ಬುಡದ ಪಂಜರದಲ್ಲಿ ಜುಟ್ಟು ನಿಧಾನವಾಗಿ ಬಿಚ್ಚಿಕೊಂಡಿತು. ಅವನು ನಕ್ಕ.

ಮಾರನೆಯ ದಿನ ಅವಳ ದನಿ ಒಡೆದಿತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಗಂಟಲು ಬಂಗಾರದಂತಿದೆ ಎಂದರು. ಯಂತ್ರದ ಸದ್ದಿನಲ್ಲಿ ಬದುಕಿದವನ ಬಾಯಿಗೆ ‘ಓ’ ಎಂಬುದು ಉಸಿರಿನಷ್ಟೇ ಅಭ್ಯಾಸ. ಮತ್ತೆ ಜಾರಿತು, ಮತ್ತೂ ಜಾರಿತು. ಜಾರಿದಷ್ಟೂ ಅವಳ ದನಿ ಸವೆಯಿತು, ಹಕ್ಕಿಯದು ತುಂಬಿಕೊಂಡಿತು. ಕೊನೆಗೆ ಅವಳ ಬಾಯಿಂದ ಬರುತ್ತಿದ್ದುದು ಬರೀ ಗಾಳಿ.

ಆಗ ಅವನ ನಗು ನಿಂತಿತು. ಹಕ್ಕಿಯನ್ನು ದೂರದ ಮಾರ್ಕೆಟ್ಟಿನಲ್ಲಿ ಬಿಟ್ಟುಬಂದ; ಅವನಿಗಿಂತ ಮೊದಲೇ ಅದು ಮನೆ ಸೇರಿತ್ತು. ಕತ್ತು ಹಿಸುಕಲು ಕೈಯಿಟ್ಟರೆ ಅವಳ ದನಿಯಲ್ಲೇ “ಬೇಡಾ ರೀ” ಎಂದಿತು. ಕೈ ಹಿಂದೆಗೆದ. ಇನ್ನು ಉಳಿದದ್ದು ತನ್ನ ಬಾಯಿ ತಾನೇ ಕಟ್ಟುವುದೊಂದೇ. ಅರಿವೆಗೆ ಚುಚ್ಚುವ ಗುಂಡುಪಿನ್ನುಗಳನ್ನು ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ಕಚ್ಚಿಕೊಂಡು ಕೂತ. ಬೇಕಾದಾಗ ಲೋಟದಿಂದ ಮೆಟ್ಟಿಲ ಕಂಬಿ ಬಡಿಯುತ್ತೇನೆಂದು ಹೆಂಡತಿ ಸನ್ನೆ ಮಾಡಿದಳು. ವಾರ ಕಳೆಯುವುದರೊಳಗೆ ಹಕ್ಕಿ ಲೋಟದ ಸದ್ದನ್ನೂ ಕಲಿಯಿತು. ಅವನಿಗೀಗ ನಲ್ಲಿ ತೊಟ್ಟಿಕ್ಕಿದರೂ ಅನುಮಾನ. ರಾತ್ರಿ ಹೆಂಡತಿ ನಿದ್ದೆಯಲ್ಲಿ ಏನೋ ಗೊಣಗಿದ್ದು ಕೇಳಿಸಿದರೂ, ಕೆಳಗಿನ ಹಕ್ಕಿಯೇ ಎಂದು ಮಗ್ಗುಲು ಬದಲಿಸಿದ. ಬಾಗಿಲು ಬಡಿದವರನ್ನು ಕಿಟಕಿಯಿಂದ ಇಣುಕಿ, ಕಾಲಿನಿಂದ ತಲೆಯವರೆಗೆ ನೋಡಿಯೇ ತೆರೆಯುತ್ತಿದ್ದ. ಕರೆದರೆ ಮೆಟ್ಟಿಲು ಹತ್ತುವುದನ್ನೂ ಬಿಟ್ಟ. ಎಷ್ಟು ಸಲ ಮೋಸ ಹೋಗುವುದು?

ಒಂದು ಸಂಜೆ ಕರೆಂಟು ಹೋಯಿತು. ಯಂತ್ರ ನಿಂತಿತು. ಅಂಗಡಿ ತುಂಬ ಕತ್ತಲು, ಯಂತ್ರದ ಎಣ್ಣೆಯ ವಾಸನೆ, ಗಂಟಲಿಗಂಟುವ ಗರಿಯ ಪುಡಿ.

“ರೀ! ಬನ್ನೀ!”

ಮೇಲಿನಿಂದ ಬಂದಂತಿತ್ತು. ಸ್ವಚ್ಛ ದನಿ, ತುಂಬು ದನಿ. ಅಂದರೆ ಹಕ್ಕಿಯದು. ಅವನು ಪಿನ್ನುಗಳನ್ನು ಕಚ್ಚಿ ಹಿಡಿದ.

“ರೀ! ಕೈ ಜಾರ್ತಿದೆ!”

ಎಂಥ ನಟನೆ, ಎಂದುಕೊಂಡ. ಇವತ್ತು ಸೋಲುವವನಲ್ಲ. ಪಂಜರಕ್ಕೆ ಬಟ್ಟೆ ಮುಚ್ಚಲು ಕತ್ತಲಲ್ಲಿ ತಡಕಿದ. ಕಂಬಿ ಸಿಕ್ಕಿತು. ಕಂಬಿಯಾಚೆ ಬೆಚ್ಚಗೆ ಏನೋ ಉಸಿರಾಡುತ್ತಿತ್ತು.

“ರೀ!” ಮೇಲೆ.

ಬೆರಳ ಪಕ್ಕದಲ್ಲೇ ಉತ್ತರ ಬಂತು. ಅವನದೇ ದನಿಯಲ್ಲಿ.

“ಓ! ಬಂದೆ ಕಣೇ, ಬಂದೆ!”

ಹಕ್ಕಿ ಇಲ್ಲಿದೆ. ಹಾಗಾದರೆ ಮೇಲೆ ಕೂಗಿದ್ದು?

ಪಿನ್ನು ಉಗಿದ. ಓಡಿದ. ಮೆಟ್ಟಿಲು ಎಡವಿದ. ಅವನು ಓಗೊಡದೆ ಕೂತ ಅಷ್ಟೂ ದಿನ ದನಿ ಅವಳಿಗೆ ಮರಳುತ್ತಿತ್ತು. ಅದು ಈಗ ಹೊಳೆಯಿತು. ಮನೆ ಖಾಲಿ. ತಾರಸಿಯ ಬಾಗಿಲು ತೆರೆದಿತ್ತು. ಒಗೆದ ಬಟ್ಟೆ ಗಾಳಿಗೆ ಪಟಪಟ. ಮೋಟುಗೋಡೆಯ ಮೂಲೆ ಕುಸಿದಿತ್ತು. ಹೊರಚಾಚಿದ ಸರಳಿಗೆ ಎರಡು ಕೈ. ಅವನು ಬಗ್ಗಿದ. ಅವಳ ಮುಖ ಕಂಡಿತು.

“ಬಂದೆ ಅಂದ್ರಲ್ಲ ರೀ... ಅದಕ್ಕೇ ಕೂಗೋದು ಬಿಟ್ಟೆ.”

ಕೈ ಚಾಚಿದ. ಬೆರಳಿಗೆ ಬೆರಳು ತಾಗಿತು.

ಮೊದಲ ಕೂಗಿಗೇ ಪಕ್ಕದ ಮನೆಯವರು ಏಣಿ ಹಿಡಿದು ಹೊರಗೆ ಬಂದಿದ್ದರಂತೆ. ಗಂಡ ಬಂದೆ ಎಂದದ್ದು ಕೇಳಿಸಿ ಒಳಗೆ ಹೋದರಂತೆ. ಹೆಂಡತಿ ಉಳಿಯಲಿಲ್ಲ.