ಹಳೆಯ ಚೀಟಿ ಕೀಳುವಂತಿಲ್ಲ

"ಮತ್ತೆ ಹಸಿ ಕಾಗದದಲ್ಲೇ ಗಿಡ ಇಟ್ಟಿದ್ದೀರಲ್ಲ, ದೋನ್ ಎಲಾದಿಯೊ! ಬೂಸ್ಟು ಹಿಡಿಯದೆ ಇನ್ನೇನಾಗುತ್ತೆ?"

ಕಾಸಿಲ್ದಾ ಗದರಿದರೆ ಅವನಿಗೆ ಒಳಗೊಳಗೇ ಖುಷಿ. ಮ್ಯಾಡ್ರಿಡ್‌ನ ಆ ಸಸ್ಯ ಸಂಗ್ರಹಾಲಯದಲ್ಲಿ ಗಿಡ ತಂದು ಒಣಗಿಸುವವನು ಅವನು, ಅದರ ಚಿತ್ರ ಬರೆಯುವವಳು ಅವಳು.

"ನೀವು ಕಾಗದ ಬದಲಾಯಿಸ್ತೀರಿ ಅನ್ನೋ ಧೈರ್ಯ, ಸೆನ್ಯೊರಿತಾ."

"ಜೀವನಪೂರ್ತಿ ಬದಲಾಯಿಸ್ತಾ ಕೂತಿರ್ಲಾ?"

ಅವನ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. "ಅದನ್ನ ಕೇಳೋಕೆ ಬರಿಗೈಯಲ್ಲಿ ಬರೋದಾ? ಯಾರೂ ಕಾಣದ ಗಿಡ ಒಂದು ಸಿಗಲಿ. ಹೆಸರಿಟ್ಟು, ಆಮೇಲೆ ಕೇಳ್ತೀನಿ."

"ಯಾರ ಹೆಸರೋ?"

"ಅಚ್ಚಾಗೋ ತನಕ ಹೇಳಬಾರದು."

ಬಾಯಿಬಿಟ್ಟು ಮದುವೆಯ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಪುಣ್ಯಾತ್ಮ ಆಡಲಿಲ್ಲ. ಗಿಡ ಹುಡುಕಲು ಬೊಗೊಟಾದ ಬೆಟ್ಟಗಳಿಗೆ ಹಡಗು ಹತ್ತಿದ.

ಹನ್ನೊಂದು ವರ್ಷ ಪಾರ್ಸೆಲ್ಲುಗಳು ಬಂದವು. ಜೊತೆಗೆ ಎಲೆ, ಎಸಳುಗಳದ್ದೇ ಪುರಾಣವಿದ್ದ ಪತ್ರಗಳು. ಪ್ರತಿ ಪತ್ರದ ಕೊನೆಗೂ ಒಂದೇ ಸಾಲು, "ಇನ್ನೂ ಸಿಕ್ಕಿಲ್ಲ." ಕಾಸಿಲ್ದಾ "ಗಿಡ ಹಾಳಾಗಲಿ, ನೀವು ಬನ್ನಿ" ಎಂದು ಬರೆಯುವಳು, ಹರಿದು ಹಾಕುವಳು. ಅವಳಿಗೂ ಬಿಂಕ ಕಡಿಮೆಯಿರಲಿಲ್ಲ.

ಕೊನೆಯ ಪಾರ್ಸೆಲ್ಲಿಗಿಂತ ಮೊದಲು ಸುದ್ದಿ ಬಂತು. ಜ್ವರ, ನಾಲ್ಕೇ ದಿನ. ಅಲ್ಲೇ ಮಣ್ಣು ಮಾಡಿದರಂತೆ.

ಪಾರ್ಸೆಲ್ಲಿನಲ್ಲಿ ಒಂದೇ ಹಾಳೆ, ಅದಕ್ಕೆ ಹೊಲಿದ ನೇರಳೆ ಹೂವಿನ ಪುಟ್ಟ ಗಿಡ. ಕೆಳಗೆ ಅಂಟಿಸಿದ ಚೀಟಿಯಲ್ಲಿ ಅವನ ಕೈಬರಹ: ಹೊಸ ಜಾತಿ, ಲ್ಯಾಟಿನ್ನಿನಲ್ಲಿ ಅವಳ ಹೆಸರು. ಜೊತೆಗೊಂದು ತುಂಡು ಕಾಗದ. "ಸಿಕ್ಕಿತು. ಈಗ ಕೇಳಬಹುದಾ?"

ಅತ್ತು ಅತ್ತು ಸಾಕಾಗಿ, ಚಿತ್ರ ಬರೆಯಲು ಕೂತಳು. ಮೂರನೇ ಎಸಳಿಗೆ ಕೈ ನಿಂತಿತು. ಈ ಎಸಳನ್ನು ಆ ಕೈ ಮೊದಲೇ ಬರೆದಿತ್ತು. ಅವನೇ ಕಳಿಸಿದ್ದ ಎರಡನೇ ಪಾರ್ಸೆಲ್ಲಿನಲ್ಲಿ ಇದೇ ಗಿಡವಿತ್ತು. ಅದು ನೆರಳಲ್ಲಿ ಬೆಳೆದದ್ದು, ಎಲೆ ಅಗಲ. ಇದು ಬಂಡೆಯ ಮೇಲೆ ಒಣಗಿ ಕುಗ್ಗಿದ್ದು. ಈ ಜಾತಿಗೆ ಯಾರೋ ಫ್ರೆಂಚರವನು ಎಂದೋ ಹೆಸರಿಟ್ಟಾಗಿತ್ತು. ಹುಡುಕಿ ಹುಡುಕಿ ದಣಿದ ಎಲಾದಿಯೊನ ಕಣ್ಣು ಮೋಸಹೋಗಿತ್ತು.

"ಮುಂದಿನ ತಿಂಗಳು ಅಚ್ಚಿಗೆ, ಕಾಸಿಲ್ದಾ," ಎಂದರು ಹಿರಿಯ ಅಧಿಕಾರಿ ದೋನ್ ಫೆರ್ಮಿನ್. "ನಿನ್ನ ಹೆಸರಿನ ಹೂವು!"

ಸುಮ್ಮನಿದ್ದರೆ ಅವಳ ಹೆಸರು ಪುಸ್ತಕ ಸೇರುತ್ತಿತ್ತು. ಆದರೆ ಇಂದಲ್ಲ ನಾಳೆ ಯಾರಾದರೂ ತಪ್ಪು ಹಿಡಿದು ಎಲಾದಿಯೊನನ್ನು ನೋಡಿ ನಗುತ್ತಿದ್ದರು. ಅವಳು ಹಳೆಯ ಚಿತ್ರವನ್ನು ತಂದು ಹೊಸ ಹಾಳೆಯ ಪಕ್ಕದಲ್ಲಿಟ್ಟಳು.

ಮುದುಕರು ಎರಡನ್ನೂ ಹೋಲಿಸಿ ನೋಡಿದರು. "ಇದನ್ನ ನೀನೇ ಹೇಳಬೇಕಿತ್ತಾ, ಮಗಳೇ?"

"ಬೇರೆ ಯಾರೋ ನಗೋದಕ್ಕಿಂತ ನಾನೇ ಹೇಳೋದು ಮೇಲಲ್ವಾ?"

"ಸರಿ. ತಿದ್ದುಪಡಿ ನೀನೇ ಬರಿ. ಹಳೆ ಚೀಟಿ ಮಾತ್ರ ಕೀಳೋ ಹಾಗಿಲ್ಲ, ಗೊತ್ತಲ್ಲ?"

ಗೊತ್ತಿತ್ತು. ತಪ್ಪಿದ್ದರೂ ಮೊದಲಿನ ಚೀಟಿ ಹಾಗೇ ಇರಬೇಕು, ತಿದ್ದಿದವರು ಅದರ ಕೆಳಗೆ ತಮ್ಮ ಹೆಸರು ಹಾಕಿ ಇನ್ನೊಂದು ಅಂಟಿಸಬೇಕು. ಅವಳು ಗಿಡದ ನಿಜವಾದ ಹೆಸರು ಬರೆದು, ಸಹಿ ಹಾಕಿ, ಅವನ ಚೀಟಿಗೆ ತಾಗುವಂತೆ ಅಂಟಿಸಿದಳು. ಅಂಟು ಒಣಗುವ ತನಕ ಎರಡರ ಮೇಲೂ ಅಂಗೈ ಒತ್ತಿ ಹಿಡಿದಳು.

"ಹೂಂ, ಕೇಳಬಹುದು," ಎಂದಳು. "ಗಿಡ ಇಲ್ಲದಿದ್ರೂ ಹೂಂ ಅಂತಿದ್ದೆ ಕಣೋ, ಎಲಾದಿಯೊ."