ಸಹಾಯದಿಂದ ಎಂದು ಬರೆದ ದಿನಗಳು

ಮೊದಲ ಭೇಟಿಯಲ್ಲೇ ನಾನು ಅವರ ಕೈಯಲ್ಲಿ ಕಿಟಕಿ ರಿಪೇರಿ ಮಾಡಿಸಿದೆ.

ಕ್ಲಾಸಿನ ಕಿಟಕಿಯ ಚಿಲಕ ಸಡಿಲವಾಗಿ ಮೂರು ದಿನವಾಗಿತ್ತು. ಆಫೀಸಿನವರು ಇವತ್ತು ಆಳು ಕಳಿಸುತ್ತೇವೆ ಎಂದಿದ್ದರು. ಬೆಳಗ್ಗೆ ಎಂಟೂವರೆಗೆ, ಜೇಬಿಗೆ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಒಬ್ಬರು ಬಾಗಿಲಲ್ಲಿ ನಿಂತರು. ನನಗೆ ಮೂಗಿನ ತುದಿಯಲ್ಲೇ ಕೋಪ.

"ಈಗ ಬಂದ್ರಾ? ಮೂರು ದಿನದಿಂದ ಬಡ್ಕೊಂಡು ಸಾಕಾಗಿದೆ. ಮೊದಲು ಆ ಕಿಟಕಿ ನೋಡಿ."

ಅವರು ಸ್ಟೂಲ್ ಎಳೆದು ಹತ್ತಿದರು. ಚಿಲಕ ಬಿಗಿ ಮಾಡಿ, ಎರಡು ಸಲ ಹಾಕಿ ತೆಗೆದು ನೋಡಿ ಇಳಿದರು.

"ಆಯ್ತು ಮೇಡಂ. ಈಗ ನನ್ನ ಮಗಳನ್ನ ಒಳಗೆ ಕರ್ಕೊಂಡು ಬರ್ಲಾ? ಅಷ್ಟೊತ್ತಿಂದ ಹೊರಗೆ ನಿಂತಿದಾಳೆ."

ನಾನು ನಾಲಿಗೆ ಕಚ್ಚಿಕೊಂಡೆ. ಅವರಿಗೆ ಕನ್ನಡಕದ ಅಂಗಡಿಯಂತೆ. "ಪರವಾಗಿಲ್ಲ, ಫ್ರೇಮ್ ಬಿಟ್ಟು ಬೇರೆ ಏನನ್ನೂ ಬಿಗಿ ಮಾಡಿರ್ಲಿಲ್ಲ," ಎಂದು ನಕ್ಕರು. ತುಟಿಗಿಂತ ಮೊದಲು ಕಣ್ಣು ನಗುವ ಮನುಷ್ಯ. ಅವತ್ತೇ ನನಗೆ ಗ್ರಹಚಾರ ಶುರುವಾಯಿತು.

ಮಗಳಿಗೆ ಏಳು ವರ್ಷ. ಮಾತು ಬಹಳ ಕಡಿಮೆ; ಬೇಕಾದ್ದನ್ನು ಚಿತ್ರದ ಕಾರ್ಡ್ ತೋರಿಸಿ ಕೇಳುತ್ತಿದ್ದಳು, ಗಲಾಟೆ ಹೆಚ್ಚಾದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುತ್ತಿದ್ದಳು. ಆದರೂ ಅಪ್ಪ ಕರೆಯುವುದು ಗಿಣಿ ಎಂದೇ. ತಾಯಿ ಅವಳಿಗೆ ಎರಡು ವರ್ಷವಿದ್ದಾಗ ತೀರಿಕೊಂಡಿದ್ದರು.

ನಾನು ಪಾಠ ಮಾಡುವವಳಲ್ಲ. ಮೂವತ್ತು ಮಕ್ಕಳಿಗೆ ಪಾಠ ಮಾಡಲು ಟೀಚರ್ ಇದ್ದರು. ನಾನು ಸಹಾಯಕಿ, ನನ್ನ ಕುರ್ಚಿ ಗಿಣಿಯ ಪಕ್ಕ. ನಮ್ಮ ಕೆಲಸಕ್ಕೊಂದು ಕ್ರಮವಿದೆ. ಮೊದಲು ಮಗುವಿನ ಕೈ ಮೇಲೆ ಕೈಯಿಟ್ಟು ಮಾಡಿಸಬೇಕು. ಆಮೇಲೆ ಮಣಿಕಟ್ಟು ಹಿಡಿದರೆ ಸಾಕು, ಆಮೇಲೆ ಮೊಣಕೈ ಮುಟ್ಟಿದರೆ ಸಾಕು. ಕೊನೆಗೆ ಬೆರಳಲ್ಲಿ ತೋರಿಸಿ, ಕೈ ಕಟ್ಟಿ ಕೂರಬೇಕು. ಕುರ್ಚಿಯೂ ತಿಂಗಳಿಗಿಷ್ಟು ಹಿಂದೆ ಸರಿಯಬೇಕು. ಚೆನ್ನಾಗಿ ಮಾಡಿದಷ್ಟೂ ಬೇಗ ಕಳೆದುಕೊಳ್ಳುವ ಕೆಲಸ ಇದು.

ಇದಕ್ಕೆಲ್ಲ ಒಂದು ನೋಟ್‌ಬುಕ್ಕು. ಡಬ್ಬಿ ತೆಗೆಯುವುದು, ಗುಂಡಿ ಹಾಕುವುದು, ಶೂ ಕಟ್ಟುವುದು, ನೀರು ಕೇಳುವುದು, ಹೀಗೆ ಒಂದೊಂದರ ಮುಂದೆ 'ತಾನೇ' ಅಥವಾ 'ಸಹಾಯದಿಂದ' ಎಂದು ಬರೆಯಬೇಕು. ಶಾಲೆಯ ಕಾಲಂ ನನ್ನದು, ಮನೆಯ ಕಾಲಂ ಅವರದು. ವರ್ಷದ ಕೊನೆಯ ಮೀಟಿಂಗಿನಲ್ಲಿ ಎರಡನ್ನೂ ನೋಡಿ ಮಗುವಿಗೆ ಇನ್ನೂ ಸಹಾಯಕಿ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಬೇಡವೆಂದರೆ ನಮ್ಮನ್ನು ಬೇರೆ ಶಾಲೆಗೆ ಕಳಿಸುತ್ತಾರೆ.

ಪುಟದ ಕೆಳಗೆ 'ಇತರೆ' ಎಂದು ನಾಲ್ಕು ಗೆರೆ ಜಾಗವಿತ್ತು. ನಾನು ಹಾಳಾಗಿದ್ದು ಆ ನಾಲ್ಕು ಗೆರೆಯಲ್ಲಿ.

'ಇಂದು ಪೆನ್ಸಿಲ್ ಮೂರು ಸಲ ಎಸೆದಳು. ಒಂದು ನನ್ನ ಮೂಗಿಗೆ ತಗುಲಿತು,' ಎಂದು ಬರೆದೆ.

ಮರುದಿನ ಉತ್ತರ: 'ಮೂಗು ಕ್ಷೇಮವೇ? ಕನ್ನಡಕ ಇದ್ದಿದ್ದರೆ ಅದಕ್ಕೇ ಬೀಳುತ್ತಿತ್ತು. ಅಂಗಡಿ ಸಂಜೆ ಎಂಟರವರೆಗೆ ತೆರೆದಿರುತ್ತದೆ. ಗಿಣಿಗೆ ಬೈಯಬೇಡಿ.'

ನಾಚಿಕೆ ಬಿಟ್ಟು ಹೋದೆ. ತಲೆನೋವು ಬರುತ್ತದೆ ಎಂದು ಸುಳ್ಳು ಹೇಳಿದೆ. ಅವರು ನನ್ನ ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು ಒಂದೊಂದೇ ಗಾಜು ಬದಲಾಯಿಸುತ್ತಾ ಹೋದರು. ಬೆರಳು ಕಿವಿಗೆ ತಾಗಿದಾಗಲೆಲ್ಲ ನಾನು ಓದುವ ಅಕ್ಷರ ತಪ್ಪುತ್ತಿತ್ತು.

"ಈಗ?"

"ಮಸುಕು."

"ಗಾಜೇ ಹಾಕಿಲ್ಲ ಮೇಡಂ," ಎಂದು ಅವರು ಫ್ರೇಮ್ ತೆಗೆದರು. ತೆಗೆದ ಮೇಲೂ ಒಂದು ಗಳಿಗೆ ಹಾಗೇ ನೋಡಿದರು. "ನಿಮಗೇನೂ ಆಗಿಲ್ಲ. ಕಣ್ಣು ಚೆನ್ನಾಗಿದೆ."

ಆ ಒಂದು ಮಾತು ಹಿಡಿದುಕೊಂಡು ನಾನು ಒಂದು ವಾರ ಬದುಕಿದೆ. ಮೂವತ್ತಾರರ ಹೆಂಗಸು ಹೀಗಾಡಬಾರದು. ಆಡಿದೆ.

ಮೀಟಿಂಗಿಗೆ ಮೂರು ತಿಂಗಳಿದ್ದಾಗ ಒಂದು ಮಧ್ಯಾಹ್ನ ಗಿಣಿ ನನ್ನ ಬೆರಳನ್ನೂ ಕಾಯದೆ ಊಟದ ಡಬ್ಬಿಯ ಮುಚ್ಚಳ ತೆಗೆದಳು. ಟಕ್ಕೆಂದು ಬಿಚ್ಚಿದ್ದಕ್ಕೆ ತಾನೇ ಬೆರಗಾಗಿ ನನ್ನನ್ನು ನೋಡಿದಳು. ನಾನು ಅವಳನ್ನು ಎತ್ತಿಕೊಂಡು ಎರಡು ಸುತ್ತು ತಿರುಗಿದೆ. ಆಮೇಲೆ ಪೆನ್ನು ಹಿಡಿದು ಕೂತೆ. 'ತಾನೇ' ಎಂದು ಬರೆಯಬೇಕು. ಇಂಥ ನಾಲ್ಕು 'ತಾನೇ' ಸೇರಿದರೆ ನನಗೆ ಸಂಜೆ ಅವರು ಬಂದು ನಿಲ್ಲುವ ಈ ಗೇಟೂ ಇಲ್ಲ, ಆ ನಾಲ್ಕು ಗೆರೆಯೂ ಇಲ್ಲ. 'ಸಹಾಯದಿಂದ' ಎಂದು ಬರೆದೆ.

ಸುಳ್ಳಿಗೆ ಹೊಂದುವ ಹಾಗೆ ಮರುದಿನದಿಂದ ಡಬ್ಬಿಯನ್ನು ನಾನೇ ತೆಗೆಯತೊಡಗಿದೆ. ಗಿಣಿ ಮೊದಮೊದಲು ನನ್ನ ಕೈ ತಳ್ಳುತ್ತಿದ್ದಳು. ಎರಡು ವಾರದಲ್ಲಿ ತಳ್ಳುವುದನ್ನು ಬಿಟ್ಟಳು. ಡಬ್ಬಿಯನ್ನು ನನ್ನ ಮುಂದಿಟ್ಟು ಸುಮ್ಮನೆ ಕೂರುತ್ತಿದ್ದಳು. ಮುಂದೆ ಗುಂಡಿಯದೂ ಹೀಗೇ ಆಯಿತು. ಒಂದು ಮಗುವಿನ ಕೈ ಕಟ್ಟಿಹಾಕಿ ನಾನು ಪ್ರೀತಿ ಮಾಡುತ್ತಿದ್ದೆ. ಇದಕ್ಕೆ ಬೇರೆ ಹೆಸರಿಡಲು ನನಗೆ ಮನಸ್ಸಿಲ್ಲ.

ಮೀಟಿಂಗಿನ ವಾರದಲ್ಲಿ ನನಗೆ ಎರಡು ದಿನ ಜ್ವರ ಬಂತು. ಮೂರನೆಯ ದಿನ ಹೋದಾಗ ಟೀಚರ್ ಪಕ್ಕಕ್ಕೆ ಕರೆದರು.

"ನೀನಿಲ್ದೇ ಇದ್ರೆ ಎಲ್ಲಾ ಮಾಡ್ತಾಳಲ್ಲೇ ಅವಳು. ಮೊದಲನೇ ದಿನ ಡಬ್ಬಿ ಮುಂದೆ ಇಟ್ಕೊಂಡು ನಿನ್ನ ಕುರ್ಚಿ ನೋಡ್ತಾ ಕೂತಿದ್ಲು. ಕೊನೆಗೆ ಹಸಿವಾಗಿ ತಾನೇ ತೆಗೆದ್ಲು. ನೀರಿಗೆ ಕಾರ್ಡ್ ತೋರಿಸಿದ್ಲು. ಶೂನೂ ಕಟ್ಕೊಂಡ್ಲು. ಬುಕ್ಕಲ್ಲಿ ಯಾಕಮ್ಮ ಬೇರೆ ಥರ ಇದೆ?"

ಡಬ್ಬಿ, ನೀರು ನನಗೆ ಗೊತ್ತಿದ್ದದ್ದೇ. ಆದರೆ ಶೂ? ಶೂ ಕಟ್ಟುವುದನ್ನು ನಾನಿನ್ನೂ ಅರ್ಧ ಕಲಿಸಿದ್ದೆ ಅಷ್ಟೆ. ಹೋಗಿ ಅವಳ ಕಾಲು ನೋಡಿದೆ. ಎರಡು ಕುಣಿಕೆ ಮಾಡಿ ಗಂಟು ಹಾಕಿದ್ದಳು. ನಾನು ಕಲಿಸುವುದು ಒಂದೇ ಕುಣಿಕೆಯ ಗಂಟು. ಇದು ಮನೆಯಲ್ಲಿ ಕಲಿತದ್ದು. ಆ ಬೆಳಗ್ಗೆಯೂ ಮನೆಯ ಕಾಲಮ್ಮಿನಲ್ಲಿ ಅವರು ಬರೆದಿದ್ದರು: 'ಶೂ: ಸಹಾಯದಿಂದ.'

ಅಂದರೆ ಅವರೂ ಸುಳ್ಳು ಬರೆಯುತ್ತಿದ್ದರು, ನನ್ನ ಹಾಗೆಯೇ.

ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರೂವರೆಗೆ ಅವರ ಸ್ಕೂಟರ್ ಗೇಟಿನ ಬಳಿ ನಿಂತಿತು. ಗಿಣಿ ಓಡಿಹೋಗಿ ಹಿಂದಿನ ಸೀಟು ಹತ್ತಿ ಕೂತಳು.

"ಗಿಣಿ ಶೂ ತಾನೇ ಕಟ್ಕೋತಾಳೆ, ಅಲ್ವಾ?" ಎಂದೆ.

ಅವರ ಮುಖ ಪೆಚ್ಚಾಯಿತು. "ಎರಡು ತಿಂಗಳಾಯ್ತು."

"ಮತ್ತೆ ಬುಕ್ಕಲ್ಲಿ?"

"ತಾನೇ ಅಂತ ಬರೆದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ ಮೇಡಂ."

ಆ ಗಳಿಗೆಯಲ್ಲಿ ಯಾರಾದರೂ ಬಂದು ನನ್ನ ಪ್ರಾಣ ಕೇಳಿದ್ದರೂ ಕೊಡುತ್ತಿದ್ದೆ.

"ನಾನೂ ಹಾಗೇ ಬರೆದಿದೀನಿ. ಡಬ್ಬಿ, ಗುಂಡಿ, ಎಲ್ಲಾ."

"ನೀವಾ? ನೀವ್ಯಾಕೆ?"

"ನೀವ್ಯಾಕೋ ನಾನೂ ಅದಕ್ಕೇ."

ಅವರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ಹೆದರಿಕೊಂಡು ಬರೆದೆ ಮೇಡಂ. ಅಷ್ಟು ಮಕ್ಕಳ ಮಧ್ಯೆ ಇವಳೊಬ್ಬಳೇ. ಯಾರಾದ್ರೂ ತಳ್ಳಿದ್ರೆ ಹೇಳಕ್ಕೂ ಬರಲ್ಲ. ನೀವು ಪಕ್ಕದಲ್ಲಿದೀರಿ ಅಂದ್ರೆ ಅಂಗಡೀಲಿ ನನಗೆ ಕೆಲಸ ಓಡತ್ತೆ."

"ಅಷ್ಟೇನಾ?"

ಗಿಣಿ ಹಿಂದಿನಿಂದ ಅವರ ಶರ್ಟು ಎಳೆದಳು, ಹೋಗೋಣ ಎಂದು.

"ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು," ಎಂದರು ಕೊನೆಗೆ. "ಅಂಗಡಿಗೆ ಬಂದ ದಿನಾನೇ ಗೊತ್ತಾಯ್ತು. ಒಳ್ಳೇದೇ ಆಯ್ತು, ಇವರು ಗಿಣೀನ ಬಿಟ್ಟು ಹೋಗಲ್ಲ ಅಂದ್ಕೊಂಡೆ. ಅದಕ್ಕೇ ಬರೀತಾ ಇದ್ದೆ. ತಪ್ಪು ನಂದೇ."

"ನಿಮಗೆ ಏನೂ ಇರ್ಲಿಲ್ವಾ?"

"ಇದೆಯಾ ಇಲ್ವಾ ಅಂತ ನೋಡಕ್ಕೇ ಹೋಗ್ಲಿಲ್ಲ. ಇವಳಿಂದಾಚೆ ಯೋಚನೆ ಮಾಡಿ ಆರು ವರ್ಷ ಆಯ್ತು ಮೇಡಂ."

ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು. "ಹೊರಡಿ, ಅವಳಿಗೆ ಹಸಿವಾಗಿರತ್ತೆ," ಎಂದೆ.

ಮೀಟಿಂಗ್ ಮರುದಿನ ಮಧ್ಯಾಹ್ನ ಎರಡಕ್ಕೆ. ಮಕ್ಕಳು ಆಟಕ್ಕೆ ಹೋಗಿದ್ದಾಗ ಖಾಲಿ ಕ್ಲಾಸಿನಲ್ಲಿ ನೋಟ್‌ಬುಕ್ ಬಿಡಿಸಿ ಕೂತೆ. ಮೂರು ತಿಂಗಳ ಒಂದೊಂದು ಸುಳ್ಳು 'ಸಹಾಯದಿಂದ'ವನ್ನೂ ಹೊಡೆದುಹಾಕಿ, ಮೇಲೆ 'ತಾನೇ' ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ. ತಿದ್ದುವಾಗ ಕೆಳಗಿನ ನಾಲ್ಕು ಗೆರೆ ಕಣ್ಣಿಗೆ ಬೀಳದೆ ಇರುತ್ತದೆಯೇ? ಎಲ್ಲ ಓದಿದೆ. ಅವರು ಬರೆದ ಪ್ರತಿಯೊಂದರ ಕೊನೆಯಲ್ಲೂ ಗಿಣಿ ಇದ್ದಳು. ಮೊದಲೂ ಇದ್ದಳು, ನಾನು ಅಷ್ಟು ದೂರ ಓದುತ್ತಲೇ ಇರಲಿಲ್ಲ.

ಅವರು ಒಂದೂವರೆಗೇ ಬಂದರು. ನಾನು ಮಾಡುತ್ತಿದ್ದುದನ್ನು ನೋಡಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಿಸಿ ಕೂತು, ತಮ್ಮ ಕಾಲಮ್ಮನ್ನು ತಿದ್ದತೊಡಗಿದರು. ಒಂದೇ ಪುಸ್ತಕ, ಎರಡು ಪೆನ್ನು. ಅರ್ಧ ಗಂಟೆ ಅವರ ತೋಳು ನನ್ನ ತೋಳಿಗೆ ತಾಗಿಕೊಂಡಿತ್ತು. ಅಷ್ಟು ಹತ್ತಿರ ನಾವು ಯಾವತ್ತೂ ಕೂತಿರಲಿಲ್ಲ.

ಮೀಟಿಂಗಿನಲ್ಲಿ ಟೀಚರ್ ನಾವು ತಿದ್ದಿದ ಪುಟಗಳನ್ನೆಲ್ಲ ತಿರುವಿ ನೋಡಿದರು, ಬೈಯಲಿಲ್ಲ. "ಮಗು ಮೂರು ತಿಂಗಳು ಕಳ್ಕೊಂಡ್ಲು," ಎಂದರು ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಮುಂದಿನ ಸೋಮವಾರದಿಂದ ಗಿಣಿಗೆ ಸಹಾಯಕಿ ಬೇಡ, ನನಗೆ ಬೇರೆ ಶಾಲೆ ಎಂದು ತೀರ್ಮಾನವಾಯಿತು. ನಾನು ಸಹಿ ಮಾಡಿದೆ, ಅವರೂ ಮಾಡಿದರು.

ಕಾರಿಡಾರಿನಲ್ಲಿ ಅವರು, "ಭಾನುವಾರ ಯಾವಾಗಲಾದ್ರೂ ಮನೆಗೆ ಬನ್ನಿ ಮೇಡಂ. ಗಿಣಿಗೆ ಖುಷಿಯಾಗತ್ತೆ," ಎಂದರು.

"ಗಿಣಿಗೆ ನಾನು ಬೇಕಿಲ್ಲ ಅಂತ ಈಗಷ್ಟೇ ಸಹಿ ಹಾಕಿದೀವಿ. ನಿಮಗೆ ಬೇಕಾದ್ರೆ ಹೇಳಿ, ಬರ್ತೀನಿ."

ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ. ಮಗುವಿಗೆ ಪ್ರಶ್ನೆ ಕೇಳಿದಾಗ ಉತ್ತರಕ್ಕೆ ನಾವು ಕೊಡುವ ಸಮಯ ಅಷ್ಟು. ಅವರಿಗೆ ಇನ್ನೊಂದು ಹತ್ತು ಜಾಸ್ತಿಯೇ ಕೊಟ್ಟೆ.

"ಹೋಗ್ಬನ್ನಿ," ಎಂದೆ.

ಶುಕ್ರವಾರ ನನ್ನ ಕೊನೆಯ ದಿನ. ಬೆಲ್ ಹೊಡೆದ ಮೇಲೆ ಗಿಣಿ ಬ್ಯಾಗು ತಾನೇ ಹಾಕಿಕೊಂಡು, ಗುಂಪಿನ ನಡುವೆಯೇ ದಾರಿ ಮಾಡಿಕೊಂಡು ಗೇಟಿನ ಕಡೆ ನಡೆದಳು. ತಿರುಗಿ ನೋಡಲಿಲ್ಲ. ಒಂದೂವರೆ ವರ್ಷ ನಾನು ಕಲಿಸಿದ್ದು ಅದನ್ನೇ. ಅಳು ಬಂತು, ಆದರೆ ಅದರಲ್ಲಿ ಅವಳ ಪಾಲಿನದು ಸಂತೋಷದ್ದೇ.

ಅವರು ಅವಳನ್ನು ಕೂರಿಸಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದರು. ಆಮೇಲೆ ಆಫ್ ಮಾಡಿದರು. ತಿರುಗಿ ನನ್ನ ಕಡೆ ಬಹಳ ಹೊತ್ತು ನೋಡಿದರು. ನಾನು ಕಾಯಲಿಲ್ಲ ಎಂದು ಹೇಳಬಹುದು, ಆದರೆ ಈ ವರ್ಷಕ್ಕೆ ಬರೆದ ಸುಳ್ಳು ಸಾಕು. ಕಾದೆ. ಗೇಟಿನ ಕಂಬಿ ಹಿಡಿದುಕೊಂಡು, ಹೆಸರು ಕರೆಯುವುದನ್ನು ಕಾಯುವ ಮಕ್ಕಳ ಹಾಗೆ ಕಾದೆ. ಅವರು ಮತ್ತೆ ಸ್ಟಾರ್ಟ್ ಮಾಡಿ ಹೊರಟುಹೋದರು.