ತಳ ಕಲಕಬೇಡಿ

ಅವಳು ಕೊಳವೆಯನ್ನು ಮರಳಿನಿಂದ ಸರಕ್ಕನೆ ಎಳೆದಳು. ತಡವಾಗಿತ್ತು.

ಮರಳಿನಡಿಯಿಂದ ಮಸಿಯಂಥದ್ದೇನೋ ಎದ್ದು ಮೀನಿನ ಗಾಜಿನ ತೊಟ್ಟಿಯನ್ನೆಲ್ಲ ತುಂಬಿಕೊಳ್ಳತೊಡಗಿತು. ಜೊತೆಗೇ ಆ ವಾಸನೆ... ಕೊಳೆತ ಮೊಟ್ಟೆಯ ವಾಸನೆ!

ಊದಿದ ಕೆನ್ನೆ ಹಿಡಿದು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ವಯಸ್ಸಾದ ಯಜಮಾನರು ಗಾಬರಿಯಿಂದ ಬಾಯಿಗೆ ಕೈ ಅಡ್ಡ ಹಿಡಿದರು.

"ಇದು ನನ್ನ ಬಾಯಿಂದ ಅಲ್ಲಮ್ಮ, ನಿನ್ನಾಣೆ!"

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಈಗ ಅವಳ ಕಣ್ಣು ತೊಟ್ಟಿಗೆ ಅಂಟಿಹೋಗಿತ್ತು. ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಕಡಲಮೀನುಗಳೆರಡೂ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನೋಡನೋಡುತ್ತಿದ್ದಂತೆ ಚಿಕ್ಕದು ಒಂದು ಮಗ್ಗುಲಿಗೆ ವಾಲಿತು.

ಅಯ್ಯೋ... ನಾನೇ ಕೊಂದೆನಾ?

ಒಳಕೋಣೆಯಲ್ಲಿ ಅವಳ ಸೋದರತ್ತೆ ಯಾರದೋ ಹಲ್ಲು ಕೊರೆಯುತ್ತಿದ್ದರು. ಹಲ್ಲಿನ ಆಸ್ಪತ್ರೆ ಅತ್ತೆಯದು, ಮುಂದೆ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜು ಇವಳದು. ಹೋದ ವಾರ ಒಂದು ಮೀನು ಸತ್ತಾಗಲೇ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು.

"ಇನ್ನೊಂದು ಸತ್ರೆ ಈ ತೊಟ್ಟಿ ಎತ್ತಿಸಿ ಟಿವಿ ಹಾಕಿಸ್ತೀನಿ. ನಿನ್ನ ಮೀನಪ್ಪಂಗೂ ದೊಡ್ಡ ನಮಸ್ಕಾರ."

ಮೀನಪ್ಪ! ತೊಟ್ಟಿ ಶುಚಿ ಮಾಡಲು ಬರುತ್ತಿದ್ದವನಿಗೆ ಅತ್ತೆ ಇಟ್ಟ ಹೆಸರು. ತೊಟ್ಟಿ ಹೋದರೆ ಅವನು ಈ ಹೊಸಿಲು ತುಳಿಯಲು ಕಾರಣವೇ ಉಳಿಯುವುದಿಲ್ಲ. ಅವನಿಗೆ ಬರಬೇಡ ಎಂದವಳು ತಾನೇ ಆದರೂ, ಆ ಕಾರಣವೊಂದು ಉಳಿದಿರಲಿ ಎಂದು ಅವಳ ಜೀವ ಒಳಗೊಳಗೇ ಹಂಬಲಿಸುತ್ತಿತ್ತು.

ಕೊನೆಯ ಸಲ ಬಂದ ದಿನ ಅವನು ನೀರಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ಮರಳ ಮೇಲೆ ಕೂತ ಗಸಿಯನ್ನು ಕೊಳವೆಯಿಂದ ಹೀರುತ್ತಿದ್ದ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಪಾಚಿಯ ಚೂರು. ಪಂಪು ಜೋರಾಗಿ ಗೊರಗುಟ್ಟುತ್ತಿತ್ತು. ಅವಳು ಪಕ್ಕದಲ್ಲಿ ನಿಂತು, ಉದ್ದನೆಯ ಇಕ್ಕಳದ ತುದಿಯಿಂದ ಮರಳನ್ನು ಕೆದಕುತ್ತ, ಎಷ್ಟೋ ದಿನದಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತನ್ನು ಹೊರಹಾಕಿದ್ದಳು.

"ನಮ್ಮಿಬ್ಬರ ವಿಷಯ... ಅತ್ತೆಗೆ ಹೇಳಲಾ?"

ಅವನು ತಿರುಗಿಯೂ ನೋಡಿರಲಿಲ್ಲ.

"ಬೇಡ ಬೇಡ! ತಳ ಕಲಕಬೇಡಿ. ಅಡಿಯಲ್ಲಿರೋದು ಅಡಿಯಲ್ಲೇ ಇರಲಿ. ಮೇಲೆ ಬಂದ್ರೆ ಎಲ್ಲಾ ಹಾಳು!"

ಅವನು ಕೈ ತೆಗೆದು ತಿರುಗಿದಾಗ, ಇಕ್ಕಳ ಕೆಳಗಿಟ್ಟು ಅವಳು ಗಟ್ಟಿಯಾಗಿ ಹೇಳಿದ್ದಳು, "ನಾಳೆಯಿಂದ ನೀವು ಬರೋದು ಬೇಡ."

ಅವನು ಕೊಳವೆ ಸುತ್ತಿಟ್ಟು ಒದ್ದೆ ಕೈ ಒರೆಸಿಕೊಂಡಿದ್ದ. ಯಾಕೆ ಎಂದೂ ಕೇಳದೆ ಹೊರಟುಹೋಗಿದ್ದ.

ಅಂದಿನಿಂದ ಗಸಿ ಕೂರುತ್ತಲೇ ಹೋಯಿತು. ಬೇಸರವಾದಾಗಲೆಲ್ಲ ಅವಳು ಮೀನಿಗೆ ಆಹಾರ ಉದುರಿಸುತ್ತಿದ್ದಳು. ಬೇಸರಕ್ಕೇನು ಬರವೇ? ಇವತ್ತು ಹೇಗಾದರೂ ಸರಿಮಾಡಲೇಬೇಕೆಂದು ಕೊಳವೆಯನ್ನು ತಳದವರೆಗೆ ಚುಚ್ಚಿಬಿಟ್ಟಿದ್ದಳು.

ಈಗ ಬೇರೆ ದಾರಿ ಕಾಣದೆ ಅವನಿಗೆ ಫೋನ್ ಮಾಡಿದಳು.

"ತಳ... ತಳ ಕಲಕಿಬಿಟ್ಟೆ."

"ಎಷ್ಟು ಆಳ?"

"ಗಾಜು ತಾಗೋವರೆಗೆ."

ಆ ಕಡೆ ಅವನು ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು.

"ನಲ್ಲಿ ನೀರು ಮುಟ್ಟಬೇಡಿ. ಹಿಂದಿನ ಕೋಣೆಯಲ್ಲಿ ನಾನು ಕಲಸಿಟ್ಟ ಉಪ್ಪುನೀರಿನ ಕ್ಯಾನ್ ಇದೆ. ಬಕೆಟ್ಟಿಗೆ ಸುರಿದು ಮೀನು ಅದಕ್ಕೆ ಬಿಡಿ. ಪಂಪಿನಿಂದ ಗಾಳಿ ಬರೋ ಸಣ್ಣ ಪೈಪನ್ನೂ ಅದಕ್ಕೇ ಹಾಕಿ, ತೇಲಿ ಬರುತ್ತೆ, ಕೈಲೇ ನೀರೊಳಗೆ ಒತ್ತಿ ಹಿಡ್ಕೊಂಡಿರಿ. ಬಂದೆ!"

ಅವನು ಏದುಸಿರು ಬಿಡುತ್ತ ಬಂದಾಗ ಅವಳು ನೆಲದ ಮೇಲೆ ಕೂತಿದ್ದಳು. ಬಕೆಟ್ಟಿನಲ್ಲಿ ದೊಡ್ಡ ಮೀನು ನಿಧಾನಕ್ಕೆ ಸುತ್ತುತ್ತಿತ್ತು. ಚಿಕ್ಕದರ ಕಿವಿರು ಮಾತ್ರ ಆಡುತ್ತಿತ್ತು... ಒಮ್ಮೆ ಆಡಿ, ನಿಂತು, ಮತ್ತೆ ಆಡುತ್ತಿತ್ತು.

ಅವನು ಅವಳ ಎದುರು ಮಂಡಿಯೂರಿದ.

"ಉಳಿಯುತ್ತಾ?" ಅವಳು ಬಕೆಟ್ಟಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಗೊತ್ತಿಲ್ಲ. ಮರಳಿನ ಅಡಿಯಲ್ಲಿ ಗಾಳಿ ಆಡಲ್ಲ, ಅಲ್ಲಿ ವಿಷ ಕೂತಿರುತ್ತೆ. ಮೇಲಿನ ಗಸಿ ಮಾತ್ರ ತೆಗೀಬೇಕು. ಅವತ್ತೇ ಬಡ್ಕೊಂಡೆನಲ್ಲ, ತಳ ಕಲಕಬೇಡಿ ಅಂತ!"

ಅವಳು ತಲೆಯೆತ್ತಿದಳು.

"ಅದು... ಮರಳಿನ ಮಾತಾ?"

"ಮತ್ತಿನ್ಯಾವುದು? ಇಕ್ಕಳದಲ್ಲಿ ಬಾವಿ ತೋಡ್ತಿದ್ರಲ್ಲ ನೀವು!"

"ನಾನು ಕೇಳಿದ್ದು?"

"ನೀವೇನಾದ್ರೂ ಕೇಳಿದ್ರಾ? ಆ ಪಂಪಿನ ಗಲಾಟೆಯಲ್ಲಿ..."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನದ ನಿದ್ದೆಗೆಟ್ಟ ರಾತ್ರಿಗಳು... ಒಂದು ಹಿಡಿ ಮರಳಿಗೋಸ್ಕರವೇ!

"ಏನ್ ಕೇಳಿದ್ರಿ?" ಅವನೇ ಕೇಳಿದ. ಈಗ ಅವನ ಮುಖದಲ್ಲೂ ಹೆದರಿಕೆಯಿತ್ತು.

ಈ ಸಲ ಪಂಪಿಗೆ ಸೋಲಬಾರದೆಂದು ಅವಳು ಗಟ್ಟಿಯಾಗಿ ಹೇಳಿದಳು, "ನಮ್ಮಿಬ್ಬರ ವಿಷಯ ಅತ್ತೆಗೆ ಹೇಳಲಾ ಅಂತ!"

ಡ್ರಿಲ್ಲು ಯಾವಾಗಲೋ ನಿಂತಿತ್ತು. ಬಾಗಿಲಲ್ಲಿ ಅತ್ತೆ, ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ನಿಂತಿದ್ದರು.

ಅವಳು ಪೈಪನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿದಳು.

"ಹೇಳಾಯ್ತಲ್ಲ ಈಗ," ಎಂದರು ಅತ್ತೆ. "ಇಡೀ ಬೀದಿಗೇ ಕೇಳಿಸ್ತು." ಬಕೆಟ್ಟಿನೊಳಗೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. "ಸತ್ತಿತೇನೇ?"

"ಇನ್ನೂ ಇಲ್ಲ, ಡಾಕ್ಟ್ರೇ," ಎಂದ ಅವನು.

"ಮೊದಲು ಅದು ಬದುಕಲಿ. ಆಮೇಲೆ ನಿಮ್ಮ ವಿಷಯ." ಅತ್ತೆ ಬೆಂಚಿನತ್ತ ತಿರುಗಿದರು. "ಯಜಮಾನ್ರೇ, ಬನ್ನಿ ಒಳಗೆ."

"ಒಂದ್ನಿಮಿಷ ತಾಯಿ, ಹುಡುಗ ಇನ್ನೂ ಉತ್ತರ ಕೊಟ್ಟಿಲ್ಲ..."

"ಬನ್ನಿ ಅಂದೆ!"

ಬಾಗಿಲು ಮುಚ್ಚಿತು. ಅವನು ತೊಟ್ಟಿಯ ಕೆಟ್ಟ ನೀರನ್ನು ಹೊರಹರಿಯಲು ಬಿಟ್ಟು ಬಂದು ಮತ್ತೆ ಅವಳೆದುರು ಕೂತ. ಕಿವಿರು ಆಡಿತು. ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದರು. ಆಡಿತು.

"ಅವತ್ತು ಕೇಳಿಸಿದ್ದಿದ್ರೆ," ಅವನು ನೀರಿನತ್ತಲೇ ನೋಡುತ್ತ ಮೆಲ್ಲಗೆ ಹೇಳಿದ, "ನಾನೇ ಹೋಗಿ ಹೇಳ್ತಿದ್ದೆ. ನೀವು ಬರಬೇಡಿ ಅಂದಾಗ... ನಾನೇ ಏನೇನೋ ಕಲ್ಪಿಸ್ಕೊಂಡಿದ್ದೆ ಅಂದ್ಕೊಂಡೆ."

ಅವಳ ಕಣ್ಣು ಮಂಜಾಯಿತು. ಪೈಪು ಒತ್ತಿ ಹಿಡಿದ ಕೈ ಜೋಮು ಹಿಡಿದಿತ್ತು. ಅವನು ತನ್ನ ಕೈಯನ್ನು ನೀರಿಗಿಳಿಸಿ ಅವಳ ಕೈಯ ಮೇಲಿಟ್ಟ.

"ಕೊಡಿ, ಸಾಕು. ನಾನು ಹಿಡ್ಕೋತೀನಿ. ನೀವು ಕೈ ಬಿಡಿ."

"ಬಿಡಲ್ಲ."